ಓಸಾದ ಕಾಡು ಯಾರೂ ಮುಟ್ಟದ ಕಾಡಲ್ಲ

ಸಿರೇನಾದಲ್ಲಿ ದೋಣಿಕಟ್ಟೆ ಇಲ್ಲ. ಡ್ರೇಕ್ ಕೊಲ್ಲಿಯಿಂದ ನಸುಕಿನಲ್ಲೇ ಹೊರಟ ದೋಣಿ ಪೆಸಿಫಿಕ್ ಸಾಗರದ ಉಬ್ಬಿನ ಮೇಲೆ ಏಳುತ್ತ ಬೀಳುತ್ತ ಬಂದು, ದಡ ಹತ್ತಿರವಾದಾಗ ಮೂತಿ ತಿರುಗಿಸಿ ನಿಲ್ಲುತ್ತದೆ. ದೋಣಿಯವನು ಅಲೆಗಳನ್ನು ಎಣಿಸುತ್ತಾನೆ. ದೊಡ್ಡದೊಂದು ಹಾದುಹೋಗಲಿ ಎಂದು ಕಾದು, ಹೋದದ್ದೇ ತಡ, ಇಳಿಯಿರಿ ಎಂದು ಕೈಬೀಸುತ್ತಾನೆ. ಪ್ಯಾಂಟು ಮಡಚಿ, ಬೂಟು ಕೈಯಲ್ಲಿ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದವರು ಮರಳಿನ ಮೇಲೆ ಕೂತು ಕಾಲೊರೆಸಿಕೊಂಡು ಸಾಕ್ಸ್ ಹಾಕುವಷ್ಟರಲ್ಲಿ, ತಲೆಯ ಮೇಲಿನ ಕೊಂಬೆಯಲ್ಲಿ ಕೆಂಪು ಮಕಾವ್ ಗಿಣಿಗಳ ಜಗಳ ಶುರುವಾಗಿರುತ್ತದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಸಿರೇನಾ ನದಿಯ ಅಳಿವೆ. ಉಬ್ಬರದ ಹೊತ್ತಿನಲ್ಲಿ ಬುಲ್ ಶಾರ್ಕ್‌ಗಳು ಸಮುದ್ರದಿಂದ ಒಳನುಗ್ಗುವುದು ಈ ಅಳಿವೆಯಲ್ಲೇ, ಮೊಸಳೆಗಳ ಕಾಯಂ ಬಿಡಾರವೂ ಇದೇ. ನಡೆದು ಬರುವವರು ಇಳಿತದ ವೇಳೆ ನೋಡಿಕೊಂಡೇ ಹೊಳೆ ದಾಟಬೇಕು.

ಮಧ್ಯ ಅಮೆರಿಕದ ಕೋಸ್ಟರಿಕ, ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲು ಭಾಗಕ್ಕಿಂತ ತುಸು ದೊಡ್ಡದು. ಒಂದು ಬದಿಗೆ ಕೆರಿಬಿಯನ್ ಸಮುದ್ರ, ಇನ್ನೊಂದು ಬದಿಗೆ ಪೆಸಿಫಿಕ್. ಅದರ ನೈರುತ್ಯ ಮೂಲೆಯಲ್ಲಿ ಪೆಸಿಫಿಕ್‌ಗೆ ಚಾಚಿಕೊಂಡಿರುವ ತುಂಡು ನೆಲವೇ ಓಸಾ ಪರ್ಯಾಯದ್ವೀಪ. ಆ ತುಂಡಿನ ಪಶ್ಚಿಮದ ಸುಮಾರು 424 ಚದರ ಕಿಲೋಮೀಟರ್ ಕೊರ್ಕೊವಾಡೊ ರಾಷ್ಟ್ರೀಯ ಉದ್ಯಾನ. ಸಮುದ್ರಮಟ್ಟದಿಂದ ಎದ್ದ ನೆಲ ಕೆಲವೇ ಕಿಲೋಮೀಟರ್ ಒಳಗೆ ಏಳುನೂರು ಮೀಟರ್ ಮೀರುವ ಗುಡ್ಡವಾಗುತ್ತದೆ. ಕಡಲಿನ ತೇವ ಆ ಗುಡ್ಡಗಳಿಗೆ ಬಡಿದು ಎತ್ತರದ ಜಾಗಗಳಲ್ಲಿ ವರ್ಷಕ್ಕೆ 5,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಸುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬಿಡುವು. ಉಳಿದಂತೆ ಮಧ್ಯಾಹ್ನವಾದರೆ ಮೋಡ ಕಟ್ಟಿತೆಂದೇ ಲೆಕ್ಕ. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ದಾರಿಗಳೇ ಹೊಳೆಯಾಗುತ್ತವೆ. ಉದ್ಯಾನದೊಳಗಿನ ಸಿರೇನಾ ಕೇಂದ್ರವನ್ನು ಅಕ್ಟೋಬರ್‌ನಲ್ಲಿ ಮುಚ್ಚಿದ್ದೂ ಉಂಟು.

ಜಗತ್ತಿನ ಜೀವವೈವಿಧ್ಯದ ಶೇಕಡಾ 2.5ರಷ್ಟು ಓಸಾದಲ್ಲೇ ಇದೆ ಎಂಬ ಮಾತು ಇಲ್ಲಿನ ಹೋಟೆಲುಗಳ ಕರಪತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಜಗತ್ತಿನ ಕೀಟಗಳನ್ನೇ ಇನ್ನೂ ಎಣಿಸಿ ಮುಗಿದಿಲ್ಲದಿರುವಾಗ ಈ ಶೇಕಡಾವಾರು ಲೆಕ್ಕವನ್ನು ಎಷ್ಟು ಗಟ್ಟಿಯಾಗಿ ಹಿಡಿಯಬೇಕು ಎಂಬುದು ಓದುಗರಿಗೇ ಬಿಟ್ಟದ್ದು. ಅದೇ ಕರಪತ್ರದ ಇನ್ನೊಂದು ಮಾತು ಮಾತ್ರ ಸರಿಯಲ್ಲ: ಇದು ಮನುಷ್ಯರ ಕೈ ಸೋಕದ ಕನ್ಯೆಕಾಡು ಎಂಬುದು.

ಒಳಗುಡ್ಡಗಳಲ್ಲಿ ಹಳೆಯ ಕಾಡು ಇದೆ, ನಿಜ. ಆದರೆ ಪ್ರವಾಸಿಗರೆಲ್ಲ ಮುಗಿಬಿದ್ದು ಬರುವ ಸಿರೇನಾದ ಸುತ್ತಮುತ್ತ 1970ರ ದಶಕದವರೆಗೂ ಹೊಲ, ಹುಲ್ಲುಗಾವಲು, ರೈತರ ಮನೆ, ದನದ ಕೊಟ್ಟಿಗೆಗಳಿದ್ದವು. ಅಮೆರಿಕದ ಹಣ ಹೂಡಿದ ಓಸಾ ಫಾರೆಸ್ಟ್ ಪ್ರಾಡಕ್ಟ್ಸ್ ಎಂಬ ಮರದ ಕಂಪನಿಯ ಕೈಯಲ್ಲಿ ಪರ್ಯಾಯದ್ವೀಪದ ದೊಡ್ಡ ಪಾಲು ನೆಲವಿತ್ತು. ಕಾಗದದಲ್ಲಿ ಕಂಪನಿಯದಾದ ನೆಲವನ್ನು ಭೂಮಿಯಿಲ್ಲದ ರೈತರು ಬಂದು ಕಡಿದು, ಸುಟ್ಟು, ಭತ್ತ, ಮೆಕ್ಕೆಜೋಳ ಬೆಳೆದು ತಮ್ಮದೆಂದರು. ಕಂಪನಿ ಅವರನ್ನು ಅತಿಕ್ರಮಣದಾರರೆಂದಿತು. ಬಗರ್‌ಹುಕುಂ ಸಾಗುವಳಿಯ ಜಗಳ ಕಂಡ ಮಲೆನಾಡಿನವರಿಗೆ ಇದರ ಮುಂದಿನ ಕಥೆಯನ್ನು ವಿವರಿಸಬೇಕಾಗಿಲ್ಲ.

ಈ ಜಗಳದ ನಡುವೆಯೇ ಕಾಡು ಉಳಿಸಬೇಕೆಂಬ ಸದ್ದೂ ಎದ್ದಿತು. ಅದರಲ್ಲಿ ಒಬ್ಬನ ಕಥೆ ಹೇಳಲೇಬೇಕು. ಓಲೋಫ್ ವೆಸ್‌ಬರ್ಗ್ ಸ್ವೀಡನ್ನಿನವನು. ಡೆನ್ಮಾರ್ಕಿನ ಹೆಂಡತಿ ಕರೆನ್ ಮೋಗೆನ್ಸೆನ್ ಜತೆ 1950ರ ದಶಕದಲ್ಲಿ ಕೋಸ್ಟರಿಕಕ್ಕೆ ಬಂದು, ಉತ್ತರದ ನಿಕೋಯಾ ಪರ್ಯಾಯದ್ವೀಪದಲ್ಲಿ ಹಣ್ಣಿನ ತೋಟ ಮಾಡಿಕೊಂಡಿದ್ದ. ಕಣ್ಣೆದುರೇ ಕಾಡು ಬೋಳಾಗುವುದನ್ನು ಕಂಡು ದೇಶವಿದೇಶಗಳಿಗೆ ಪತ್ರ ಬರೆದು ಹಣ ಕೂಡಿಸಿದ. 1963ರಲ್ಲಿ ಕಾಬೊ ಬ್ಲಾಂಕೊ ಎಂಬ ಮೀಸಲು ಅರಣ್ಯ ಆದದ್ದು ಈ ದಂಪತಿಯ ಹಟದಿಂದ. ಅದಾಗಿ ಹನ್ನೆರಡು ವರ್ಷಗಳ ಬಳಿಕ, 1975ರಲ್ಲಿ, ಓಸಾದಲ್ಲೂ ಅಂಥದ್ದೊಂದು ಉದ್ಯಾನ ಸಾಧ್ಯವೇ ಎಂದು ನೋಡಿಬರಲು ಹೋದ. ಹಿಂತಿರುಗಲಿಲ್ಲ, ಕಾಡಿನೊಳಗೆ ಅವನ ಕೊಲೆಯಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಡೇನಿಯಲ್ ಓಡುಬೆರ್ ಕೊರ್ಕೊವಾಡೊ ಉದ್ಯಾನದ ಆದೇಶಕ್ಕೆ ಸಹಿ ಹಾಕಿದರು. ಕಂಪನಿಗೆ ಬದಲಿ ಭೂಮಿ ಸಿಕ್ಕಿತು, ರೈತ ಕುಟುಂಬಗಳು ಪರಿಹಾರ ತೆಗೆದುಕೊಂಡು ಹೊರನಡೆದವು. ಅವರು ಬಿಟ್ಟುಹೋದ ಗದ್ದೆ ಬಯಲುಗಳಲ್ಲಿ ಕಾಡು ತಾನಾಗಿ ಎದ್ದಿತು.

ಸಿರೇನಾದಲ್ಲಿ ಪ್ರಾಣಿಗಳು ಇಷ್ಟು ಸಲೀಸಾಗಿ ಕಣ್ಣಿಗೆ ಬೀಳುವುದರ ಒಂದು ಗುಟ್ಟು ಅಲ್ಲೇ ಇದೆ. ಹಳೆಯ ಕಾಡಿನಲ್ಲಿ ಎಲೆ ಹಣ್ಣುಗಳೆಲ್ಲ ಮೂವತ್ತು ನಲವತ್ತು ಮೀಟರ್ ಮೇಲೆ. ಮರುಹುಟ್ಟಿನ ಎಳೆಗಾಡಿನಲ್ಲಿ ಚಿಗುರು, ಹಣ್ಣು, ಪೊದೆ ಎಲ್ಲವೂ ನೆಲದ ಹತ್ತಿರ. ಬೇಟೆ ನಿಂತದ್ದು ಇನ್ನೊಂದು ಗುಟ್ಟು. ಮನುಷ್ಯನೆಂದರೆ ಕೋವಿ ಎಂಬ ಪಾಠವನ್ನು ಇಲ್ಲಿನ ಕೆಲವು ತಲೆಮಾರಿನ ಪ್ರಾಣಿಗಳು ಕಲಿತಿಲ್ಲ.

ಟೇಪಿರ್ ಅಂಥದ್ದರಲ್ಲೊಂದು. ಬೇರ್ಡ್ಸ್ ಟೇಪಿರ್ ಮಧ್ಯ ಅಮೆರಿಕದ ಅತಿ ದೊಡ್ಡ ನೆಲಪ್ರಾಣಿ. ದೊಡ್ಡದಾದರೆ 250 ಕಿಲೋ ಮೀರುವ ಭಾರ, ಹಂದಿಯ ಮೈಕಟ್ಟು, ಮೊಟಕಾದ ಸೊಂಡಿಲು. ಆನೆಗಾಗಲಿ ಹಂದಿಗಾಗಲಿ ಇದು ನೆಂಟನಲ್ಲ. ಹತ್ತಿರದ ಬಳಗ ಕುದುರೆ ಮತ್ತು ಘೇಂಡಾಮೃಗ. ಮಣ್ಣಿನ ಮೇಲಿನ ಹೆಜ್ಜೆಯಲ್ಲೇ ಅದು ಗೊತ್ತಾಗುತ್ತದೆ: ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಹಗಲು ಹೊತ್ತು ಕಡಲದಂಡೆಯ ಹಿಂದಿನ ಕೆಸರು ಗುಂಡಿಯಲ್ಲಿ ಮಲಗಿರುತ್ತದೆ. ಮಾರ್ಗದರ್ಶಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಾಗ ಮೊದಲು ಕಾಣುವುದು ಬಿಳಿ ಅಂಚಿನ ಎರಡು ಕಿವಿ. ಆಮೇಲೆ ಸೊಂಡಿಲು ಅತ್ತಿತ್ತ ಆಡುತ್ತದೆ, ಬಂದವರ ಬೆವರಿನ ವಾಸನೆ ನೋಡುತ್ತದೆ. ನೋಡಿ ಮತ್ತೆ ಮಲಗುತ್ತದೆ. ಅದರ ಬೆನ್ನ ಮೇಲೆ ಹಳದಿ ತಲೆಯ ಕ್ಯಾರಕಾರಾ ಹಕ್ಕಿಯೊಂದು ನಡೆದಾಡುತ್ತ ಉಣ್ಣಿ ಹೆಕ್ಕುವುದುಂಟು. ಹಕ್ಕಿ ಹತ್ತಿರ ಬಂದರೆ ಟೇಪಿರ್ ಮಗ್ಗುಲಾಗಿ ಹೊಟ್ಟೆ ತೋರಿಸುತ್ತದೆ.

ಹೆಣ್ಣು ಟೇಪಿರ್ ಹದಿಮೂರು ತಿಂಗಳು ಬಸಿರು ಹೊತ್ತು ಒಂದೇ ಮರಿ ಹಾಕುತ್ತದೆ. ಮರಿಯ ಮೈಮೇಲೆ ಕಲ್ಲಂಗಡಿಯ ಹಾಗೆ ಗೆರೆ ಚುಕ್ಕೆಗಳಿದ್ದು, ಬೆಳೆದಂತೆ ಮಾಸುತ್ತವೆ. ಇಷ್ಟು ನಿಧಾನವಾಗಿ ಹೆರುವ ಪ್ರಾಣಿಯನ್ನು ಬೇಟೆಯಾಡಿದರೆ ಸಂಖ್ಯೆ ಮತ್ತೆ ತುಂಬುವುದಿಲ್ಲ. ಮಧ್ಯ ಅಮೆರಿಕದ ಹೆಚ್ಚಿನ ಕಡೆ ಅದೇ ಆಗಿದೆ, ಅಳಿವಿನಂಚಿನ ಪಟ್ಟಿಯಲ್ಲಿ ಟೇಪಿರ್ ಹೆಸರು ಇದೆ. ಅದು ತಿಂದ ಹಣ್ಣಿನ ಬೀಜಗಳೆಲ್ಲ ಲದ್ದಿಯ ಜತೆ ಕಾಡು ಸುತ್ತುತ್ತವೆ. ಸಣ್ಣ ಪ್ರಾಣಿಗಳು ನುಂಗಲಾರದ ದಪ್ಪ ಬೀಜಗಳಿಗೆ ಈ ಸವಾರಿ ದೊಡ್ಡ ಆಸರೆ.

ಕರಾವಳಿಯ ಕನ್ನಡಿಗರಿಗೆ ಈ ದಂಡೆಯಲ್ಲಿ ಒಂದು ಪರಿಚಿತ ಮುಖ ಸಿಗುತ್ತದೆ. ಕೆಂಪು ಮಕಾವ್‌ಗಳು ದಿನವಿಡೀ ಕೂತು ತಿನ್ನುವುದು ಬೇರೇನನ್ನೂ ಅಲ್ಲ, ನಮ್ಮ ಶಾಲೆಯಂಗಳಗಳಲ್ಲೂ ಬೀದಿಬದಿಯಲ್ಲೂ ಕೊಡೆಯಂತೆ ಹರಡಿಕೊಂಡಿರುವ ಕಾಡುಬಾದಾಮಿ. ಏಷ್ಯಾದ ಕಡಲತೀರಗಳ ಈ ಮರ ಮನುಷ್ಯರ ಜತೆ ಅಮೆರಿಕಕ್ಕೆ ಹೋಗಿ, ಅದರ ತೇಲುವ ಕಾಯಿ ಅಲೆಯೊಂದಿಗೆ ದಡದಿಂದ ದಡಕ್ಕೆ ಹಬ್ಬಿತು. ನಮ್ಮ ಹುಡುಗರು ಕಲ್ಲಿನಿಂದ ಜಜ್ಜಿ ತೆಗೆಯುವ ಬೀಜಕ್ಕಾಗಿ ಮಕಾವ್ ಕಾಯಿಯನ್ನು ಕಾಲಲ್ಲಿ ಹಿಡಿದು ಕೊಕ್ಕಿನಲ್ಲೇ ತಿರುಗಿಸಿ ಒಡೆಯುತ್ತದೆ. ಮೊದಲು ಹಸಿರು ಸಿಪ್ಪೆ, ಆಮೇಲೆ ನಾರು, ಆಮೇಲೆ ಟಪ್ಪೆಂದು ಓಡು. ಮರದ ಕೆಳಗೆ ನಿಂತವರ ಟೋಪಿಯ ಮೇಲೆ ಚೂರುಗಳ ಮಳೆ.

ಹೊರಗಿನಿಂದ ಬಂದ ಮರವೆಂದು ಕಡಿಯಬೇಕೇ, ಹಕ್ಕಿಗೆ ಊಟವೆಂದು ಬಿಡಬೇಕೇ ಎಂದು ಶುದ್ಧತೆಯ ಲೆಕ್ಕ ಹಾಕುವವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಮಕಾವ್‌ಗಳಿಗೆ ಆ ಗೊಂದಲವಿಲ್ಲ. ಒಂದು ಕಾಲಕ್ಕೆ ಕೋಸ್ಟರಿಕದ ಎರಡೂ ಕರಾವಳಿಯಲ್ಲಿದ್ದ ಈ ಹಕ್ಕಿ, ಕಾಡು ಕಡಿದದ್ದರಿಂದಲೂ ಮರದ ಪೊಟರೆಯಿಂದ ಮರಿ ಕದ್ದು ಮಾರುವ ದಂಧೆಯಿಂದಲೂ ಕಳೆದ ಶತಮಾನದ ಕೊನೆಯ ಹೊತ್ತಿಗೆ ಮುಖ್ಯವಾಗಿ ಎರಡೇ ಕಡೆ ಉಳಿದಿತ್ತು: ಕರಾರಾ ಎಂಬ ಕಾಡುಪ್ರದೇಶ ಮತ್ತು ಓಸಾ. ಈಗ ಓಸಾದ ಹೆಬ್ಬಾಗಿಲಾದ ಪುಯೆರ್ತೊ ಹಿಮೆನೆಸ್ ಪೇಟೆಯ ನಡುಬೀದಿಯ ಬಾದಾಮಿ ಮರದಲ್ಲೂ ಜೋಡಿ ಜೋಡಿಯಾಗಿ ಕೂತಿರುತ್ತವೆ.

ಕೋತಿಗಳ ವಿಷಯ ಹೇಳುವುದಾದರೆ, ದೇಶದ ನಾಲ್ಕೂ ಜಾತಿ ಇಲ್ಲಿವೆ. ಬೆಳಗಿನ ಜಾವ ಎಬ್ಬಿಸುವುದು ಹೌಲರ್ ಕೋತಿ, ಅದರ ಕೂಗು ಕಿಲೋಮೀಟರುಗಟ್ಟಲೆ ಕೇಳುತ್ತದೆ. ಜೇಡಕೋತಿ, ಬಿಳಿಮುಖದ ಕ್ಯಾಪುಚಿನ್, ಕೊನೆಗೆ ಪುಟ್ಟ ಅಳಿಲುಕೋತಿ. ಈ ಕೊನೆಯದು ಕೋಸ್ಟರಿಕ ಮತ್ತು ಪನಾಮಾದ ಪೆಸಿಫಿಕ್ ಬದಿಯ ಚಿಕ್ಕ ಪಟ್ಟಿಯೊಂದನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನೆಲದ ಮೇಲೆ ಎಲೆಚೂರು ಹೊತ್ತ ಇರುವೆಗಳ ಮೆರವಣಿಗೆ ಅಡ್ಡ ಬಂದರೆ ದಾಟಿ ನಡೆಯಬೇಕು. ಅವು ಆ ಎಲೆಯನ್ನು ತಿನ್ನುವುದಿಲ್ಲ, ಗೂಡಿನೊಳಗೆ ಅದರ ಮೇಲೆ ಶಿಲೀಂಧ್ರ ಬೆಳೆದು ತಿನ್ನುತ್ತವೆ.

ಹಾವಿನ ಭಯ ಎಲ್ಲರ ಪ್ರಶ್ನೆ. ಫರ್ ದ ಲಾನ್ಸ್ ಎಂಬ ಗುಳಿಮಂಡಲ ತರಗೆಲೆಯ ನಡುವೆ ಗುರುತೇ ಸಿಗದಂತೆ ಮಲಗಿರುತ್ತದೆ, ದೇಶದಲ್ಲಿ ಅತಿ ಹೆಚ್ಚು ಹಾವು ಕಡಿತಕ್ಕೆ ಅದೇ ಕಾರಣ. ಮಾರ್ಗದರ್ಶಿಗಳು ಗಂಬೂಟು ಬಿಟ್ಟು ಬೇರೇನೂ ಮೆಟ್ಟದಿರುವುದು ಕೆಸರಿಗಾಗಿ ಮಾತ್ರವಲ್ಲ. ಹಾಗೆಂದು ದಿಗಿಲು ಬೇಡ. 1970ರಲ್ಲಿ ಶುರುವಾದ ಕ್ಲೊಡೊಮಿರೊ ಪಿಕಾಡೊ ಸಂಸ್ಥೆ ದೇಶದೊಳಗೇ ಪ್ರತಿವಿಷ ತಯಾರಿಸುತ್ತದೆ, ಹೊರದೇಶಗಳಿಗೂ ಕಳಿಸುತ್ತದೆ. 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿದ ಈ ಪುಟ್ಟ ದೇಶ ಆರೋಗ್ಯಕ್ಕೂ ಶಿಕ್ಷಣಕ್ಕೂ ಹಣ ಸುರಿದದ್ದರ ಫಲಗಳಲ್ಲಿ ಇದೂ ಒಂದು ಎನ್ನಬಹುದು.

ಉದ್ಯಾನ ಘೋಷಣೆಯಾದ ಮೇಲೆ ಎಲ್ಲ ಸುಸೂತ್ರವಾಯಿತು ಎಂದುಕೊಂಡರೆ ತಪ್ಪು. ಓಸಾದ ಹೊಳೆಗಳ ಮರಳಿನಲ್ಲಿ ಚಿನ್ನದ ಕಣಗಳಿವೆ, 1930ರ ದಶಕದಿಂದಲೇ ಜನ ಅದರ ಬೆನ್ನು ಹತ್ತಿದ್ದರು. 1980ರ ದಶಕದ ನಡುವೆ ಪಕ್ಕದ ಗೊಲ್ಫಿಟೊ ಪ್ರದೇಶದಿಂದ ಬಾಳೆಹಣ್ಣಿನ ಬೃಹತ್ ಕಂಪನಿ ಗಂಟುಮೂಟೆ ಕಟ್ಟಿತು. ಕೆಲಸ ಕಳೆದುಕೊಂಡವರು ಸಲಿಕೆ, ಬಾಣಲಿ ಹಿಡಿದು ಕಾಡು ಹೊಕ್ಕರು. ಹೊಳೆಯ ದಂಡೆ ಅಗೆದು, ನೀರಿನ ಹರಿವು ತಿರುಗಿಸಿ, ಊಟಕ್ಕೆ ಕಾಡುಪ್ರಾಣಿ ಹೊಡೆದರು. ನೀರೆಲ್ಲ ಕೆಂಪು ಕೆಸರಾಗಿ ಕಡಲು ಸೇರಿತು. ಪರಿಸರ ವಿಜ್ಞಾನಿ ಡೇನಿಯಲ್ ಜಾನ್ಸೆನ್ ಮತ್ತವರ ಜತೆಗಾರರು 1985ರಲ್ಲಿ ಸ್ಥಳಕ್ಕೆ ಹೋಗಿ ವರದಿ ಬರೆದರು. 1986ರಲ್ಲಿ ಪೊಲೀಸರು ಗಣಿಗಾರರನ್ನು ಹೊರಹಾಕಿದರು. ಹೊರಬಿದ್ದವರು ಸುಮ್ಮನಾಗಲಿಲ್ಲ, ರಾಜಧಾನಿ ಸಾನ್ ಹೋಸೆಯ ಉದ್ಯಾನವನಗಳಲ್ಲಿ ಬಿಡಾರ ಹೂಡಿ ಪರಿಹಾರಕ್ಕೆ ಪಟ್ಟು ಹಿಡಿದರು. ಕಾಡು ಉಳಿಸಿದ ಕಥೆ ಹೇಳುವಾಗ ಈ ಅಧ್ಯಾಯವನ್ನು ಹಾರಿಸುವುದು ಎಲ್ಲರಿಗೂ ಅನುಕೂಲ. ಆದರೆ ಓಸಾದ ಇಂದಿನ ಎಷ್ಟೋ ಮಾರ್ಗದರ್ಶಿಗಳು, ದೋಣಿಯವರು, ಅಡುಗೆಯವರು ಅದೇ ಗಣಿಗಾರರ, ಬೇಟೆಗಾರರ ಮನೆಯ ಮಕ್ಕಳು. ಟಿಗ್ರೆ ನದಿಯ ದಂಡೆಯ ದೋಸ್ ಬ್ರಾಸೋಸ್ ಎಂಬ ಹಳ್ಳಿಯಲ್ಲಿ ಹಳೆಯ ಗಣಿಗಾರರು ಪ್ರವಾಸಿಗರಿಗೆ ಬಾಣಲಿಯಲ್ಲಿ ಮರಳು ತೊಳೆದು ಚಿನ್ನ ಬೇರ್ಪಡಿಸುವುದನ್ನು ತೋರಿಸಿ ಸಂಪಾದಿಸುತ್ತಾರೆ.

2014ರಿಂದ ಮಾರ್ಗದರ್ಶಿ ಇಲ್ಲದೆ ಉದ್ಯಾನದೊಳಗೆ ಕಾಲಿಡುವಂತಿಲ್ಲ. ಪರವಾನಗಿ ಮೊದಲೇ ಪಡೆಯಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ, ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಒಳಗೆ ತರುವಂತಿಲ್ಲ. ಒಂಟಿಯಾಗಿ ಅಲೆಯುವ ಹುಮ್ಮಸ್ಸಿನವರು ಗೊಣಗುತ್ತಾರೆ. ಆದರೂ ಈ ನಿಯಮದ ಬೆಲೆ ಸ್ಥಳದಲ್ಲಿ ನಿಂತರೆ ತಿಳಿಯುತ್ತದೆ. ಹತ್ತು ಹೆಜ್ಜೆ ದೂರದ ಕೊಂಬೆಯ ಮೇಲಿನ ಸ್ಲಾತ್ ಹೊಸಬರ ಕಣ್ಣಿಗೆ ಪಾಚಿಯ ಗಂಟು. ಮಾರ್ಗದರ್ಶಿ ದೂರದರ್ಶಕ ನಿಲ್ಲಿಸಿ ಕಣ್ಣಿಡಿಸಿದ ಮೇಲೆಯೇ ಅದಕ್ಕೆ ಮುಖ ಮೂಡುತ್ತದೆ. ಹಣವೂ ಊರಿನಲ್ಲೇ ಉಳಿಯುತ್ತದೆ.

ಕಾಡು ಮುಗಿದಲ್ಲಿ ಓಸಾ ಮುಗಿಯುವುದಿಲ್ಲ. ಪರ್ಯಾಯದ್ವೀಪಕ್ಕೂ ಮುಖ್ಯಭೂಮಿಗೂ ನಡುವಿನ ಗೊಲ್ಫೊ ದುಲ್ಸೆ ಕೊಲ್ಲಿ ಒಳಗೆ ಇನ್ನೂರು ಮೀಟರ್‌ಗೂ ಆಳ, ಬಾಯಲ್ಲಿ ಮಾತ್ರ ಕಡಿಮೆ ಆಳ. ಉಷ್ಣವಲಯದಲ್ಲಿ ಇಂಥ ರಚನೆ ವಿರಳ. ಹ್ಯಾಮರ್‌ಹೆಡ್ ಶಾರ್ಕ್‌ಗಳು ಮರಿ ಹಾಕುವ ಈ ಕೊಲ್ಲಿಯ ಒಂದು ಭಾಗವನ್ನು 2018ರಲ್ಲಿ ಅವಕ್ಕೆಂದೇ ರಕ್ಷಿತ ತಾಣ ಮಾಡಲಾಯಿತು. ಹೊರಗಡಲಿಗೆ ಗೂನುಬೆನ್ನಿನ ತಿಮಿಂಗಿಲಗಳು ಎರಡು ದಿಕ್ಕಿನಿಂದ ಬರುತ್ತವೆ. ಅಂಟಾರ್ಕ್ಟಿಕದ ಕಡೆಯವು ಜುಲೈನಿಂದ ಅಕ್ಟೋಬರ್‌ವರೆಗೆ, ಉತ್ತರ ಅಮೆರಿಕದ ಕಡೆಯವು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಬೆಚ್ಚನೆಯ ನೀರಿನಲ್ಲಿ ಮರಿ ಹಾಕಿ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ದೋಣಿಗಳು ನೂರು ಮೀಟರ್ ದೂರದಲ್ಲೇ ನಿಲ್ಲಬೇಕೆಂಬ ಕಾನೂನಿದೆ.

ದಂಡೆಯ ಮೇಲೆ ಮೊಟ್ಟೆಯಿಡುವ ಆಮೆಗಳಲ್ಲಿ ಹೆಚ್ಚಿನವು ಆಲಿವ್ ರಿಡ್ಲಿ. ಹೊನ್ನಾವರ, ಕುಂದಾಪುರ, ಕಾರವಾರದ ಮರಳಿನಲ್ಲಿ ಮೊಟ್ಟೆಯಿಡುವುದೂ ಇದೇ ಜಾತಿ. ಓಸಾದಲ್ಲಿ ಮಳೆಗಾಲದ ದ್ವಿತೀಯಾರ್ಧ ಅವುಗಳ ಕಾಲ. ರಾತ್ರಿ ಕೆಂಪು ದೀಪ ಹಿಡಿದ ಸ್ವಯಂಸೇವಕರು ದಂಡೆ ಸುತ್ತಿ, ನಾಯಿಯ ಬಾಯಿಗೋ ಕಳ್ಳರ ಚೀಲಕ್ಕೋ ಹೋಗಬಹುದಾದ ಗೂಡುಗಳಿಂದ ತಲಾ ನೂರರ ಆಸುಪಾಸಿನ ಮೊಟ್ಟೆಗಳನ್ನು ಬೇಲಿ ಹಾಕಿದ ಮರಳಿನ ಅಂಗಳಕ್ಕೆ ಸಾಗಿಸುತ್ತಾರೆ. ಗುಂಡಿ ಮೂಲ ಗೂಡಿನಷ್ಟೇ ಆಳ ಇರಬೇಕು, ನೆರಳೂ ಹದವಾಗಿರಬೇಕು. ಮರಳಿನ ಬಿಸಿ ಹೆಚ್ಚಾದರೆ ಹುಟ್ಟುವ ಮರಿಗಳೆಲ್ಲ ಹೆಣ್ಣಾಗುತ್ತವೆ.

ಉದ್ಯಾನದ ಗಡಿಯಾಚೆ ಚಿತ್ರವೇ ಬೇರೆ. ಎಣ್ಣೆತಾಳೆ ತೋಟಗಳು ಮೈಲಿಗಟ್ಟಲೆ ಹಬ್ಬಿವೆ. ನಮ್ಮ ಮಲೆನಾಡಿನ ಶಿವನೆ ಮರವನ್ನು 1990ರ ದಶಕದಲ್ಲಿ ಕಾಗದದ ತಿರುಳಿಗೆಂದು ವಿದೇಶಿ ಕಂಪನಿಯೊಂದು ಇಲ್ಲಿ ದೊಡ್ಡ ಪ್ರಮಾಣದಲ್ಲಿ ನೆಟ್ಟಿತು. ಅದರ ಕಾರ್ಖಾನೆ ಮತ್ತು ಬಂದರು ಗೊಲ್ಫೊ ದುಲ್ಸೆ ದಡದಲ್ಲಿ ಬರುವುದನ್ನು ಸ್ಥಳೀಯರು, ಪರಿಸರವಾದಿಗಳು ಹೋರಾಡಿ 1994ರಲ್ಲಿ ತಡೆದರು. ಇದರ ಮಗ್ಗುಲಲ್ಲೇ ಸರ್ಕಾರ ಇನ್ನೊಂದು ಉಪಾಯ ಹೂಡಿತು. 1996ರ ಅರಣ್ಯ ಕಾಯ್ದೆಯಡಿ, ಪೆಟ್ರೋಲು ಡೀಸೆಲ್ ಮೇಲಿನ ತೆರಿಗೆಯ ಒಂದು ಪಾಲನ್ನು ತಮ್ಮ ಜಮೀನಿನ ಕಾಡನ್ನು ಕಡಿಯದೆ ಬಿಟ್ಟ ರೈತರಿಗೆ ಕೊಡತೊಡಗಿತು. 1980ರ ದಶಕದಲ್ಲಿ ದೇಶದ ಕಾಲು ಭಾಗದಷ್ಟಕ್ಕೆ ಇಳಿದಿದ್ದ ಕಾಡು ಇಂದು ಅರ್ಧಕ್ಕಿಂತ ಹೆಚ್ಚಾಗಿದೆ. ಎಲ್ಲ ಶ್ರೇಯಸ್ಸೂ ಈ ಯೋಜನೆಯದಲ್ಲ. ದನದ ಮಾಂಸದ ಬೆಲೆ ಬಿದ್ದದ್ದೂ ಹುಲ್ಲುಗಾವಲುಗಳು ಪಾಳು ಬೀಳಲು ಕಾರಣವಾಯಿತು.

ಇಷ್ಟಾದರೂ ಜಾಗ್ವಾರ್‌ಗೆ ನೆಮ್ಮದಿ ಇಲ್ಲ. ಅದರ ಮುಖ್ಯ ಆಹಾರ ಬಿಳಿತುಟಿಯ ಪೆಕರಿ, ನೋಡಲು ನಮ್ಮ ಕಾಡುಹಂದಿಯಂತೆಯೇ ಇರುವ ಪ್ರಾಣಿ. ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಪೆಕರಿಗಳು ಹಲ್ಲು ಕಟಕಟ ಕಡಿಯುತ್ತ ಒಟ್ಟಿಗೆ ನುಗ್ಗಿದರೆ ಮರ ಹತ್ತುವುದೇ ದಾರಿ ಎನ್ನುತ್ತಾರೆ ಮಾರ್ಗದರ್ಶಿಗಳು. ಗುಂಪಾಗಿರುವ ಇದೇ ಗುಣ ಕೋವಿಯವರಿಗೆ ವರ. ಜೀವವಿಜ್ಞಾನಿ ಎಡ್ವಾರ್ಡೊ ಕರ್ರಿಯೊ ಕೊರ್ಕೊವಾಡೊದ ಜಾಗ್ವಾರ್ ಮತ್ತು ಪೆಕರಿಗಳ ಬೆನ್ನು ಹತ್ತಿ ವರ್ಷಗಟ್ಟಲೆ ದುಡಿದವರು. ಪೆಕರಿ ಬೇಟೆ ಹೆಚ್ಚಿದಾಗ ಜಾಗ್ವಾರ್ ಹಸಿದು ಗಡಿಯಾಚೆ ದನಕ್ಕೆ ಬಾಯಿ ಹಾಕುತ್ತದೆ, ಅಲ್ಲಿ ಗುಂಡೇಟು ತಿನ್ನುತ್ತದೆ. ಅರಣ್ಯ ರಕ್ಷಕರು ಕೆಲವೇ ಮಂದಿ. ಚಿನ್ನದ ಬೆಲೆ ಏರಿದಾಗಲೆಲ್ಲ ಹೊಳೆಗಳ ಮೇಲ್ದಂಡೆಯಲ್ಲಿ ಅಕ್ರಮ ಗುಡಾರಗಳು ಮತ್ತೆ ಏಳುತ್ತವೆ, ಗುಡಾರದ ಒಲೆಯಲ್ಲಿ ಬೇಯುವುದೂ ಪೆಕರಿಯೇ.

ಓಸಾದ ಜಾಗ್ವಾರ್‌ಗಳಿಗೆ ಹೊಸ ರಕ್ತ ಬರಬೇಕಾದರೆ ಉತ್ತರದ ತಲಮಾಂಕಾ ಪರ್ವತದ ಕಾಡಿನಿಂದಲೇ ಬರಬೇಕು. ನಡುವೆ ತಾಳೆ ತೋಟಗಳು, ದನದ ಬಯಲು, ಮೇಲಾಗಿ ಲಾರಿಗಳು ಹಗಲಿರುಳು ಓಡುವ ಅಂತರ ಅಮೆರಿಕ ಹೆದ್ದಾರಿ. ಈ ಎರಡು ಕಾಡುಗಳನ್ನು ಬೆಸೆಯಲು ಅಮಿಸ್ಟೋಸಾ ಎಂಬ ಕಾರಿಡಾರ್ ಗುರುತಿಸಲಾಗಿದೆ. ಅದರ ಬಹುಪಾಲು ನೆಲ ಖಾಸಗಿಯವರದು, ಹಾಗಾಗಿ ಸರ್ಕಾರಿ ಆದೇಶಕ್ಕಿಂತ ರೈತರ ಮನವೊಲಿಸುವುದೇ ಮುಖ್ಯ ಕೆಲಸ. ಹೊಳೆಬದಿಯ ಮರಗಳ ಸಾಲು ಬೆಳೆಸಲು ಒಪ್ಪಿದವರಿದ್ದಾರೆ, ತಮ್ಮ ಜಮೀನಿನಲ್ಲಿ ಕ್ಯಾಮೆರಾ ಕಟ್ಟಲು ಬಿಟ್ಟವರೂ ಇದ್ದಾರೆ. ತೋಟದ ಕ್ಯಾಮೆರಾಗಳಲ್ಲಿ ಕೊವಾಟಿ, ಓಸೆಲಾಟ್, ಆಗೊಮ್ಮೆ ಈಗೊಮ್ಮೆ ಪ್ಯೂಮಾ ಸಿಗುತ್ತವೆ. ಜಾಗ್ವಾರ್ ಮಾತ್ರ ಬಹಳ ಅಪರೂಪ.